ನಿನ್ನ ಪೋಸ್ಟರಿನ ಜಾಗ

ಗಿಡುಗಾ,

ಇದನ್ನು ನಿನಗೆ ಕಳಿಸುವುದಿಲ್ಲ, ಹಾಗಾಗಿ ಕ್ಷೇಮಸಮಾಚಾರ ಕೇಳುವ ನಾಟಕ ಬೇಡ.

ನಿನ್ನನ್ನು ಆಟದಿಂದ ಆಜೀವ ಹೊರಹಾಕಿದ ಸುದ್ದಿ ಇವತ್ತು ನಮ್ಮ ಗೇಮಿಂಗ್ ಸೆಂಟರಿನ ಪರದೆಯಲ್ಲೇ ಬಂತು. ತಾನಾಗಿ ಗುರಿ ಹಿಡಿಯುವ ಕಳ್ಳ ಸಾಫ್ಟ್‌ವೇರ್ ಹಾಕಿಕೊಂಡು ಫೈನಲ್ ಆಡಿದೆಯಂತೆ. ಮಾಲೀಕರು ಕುರ್ಚಿ ಹತ್ತಿ ನಿನ್ನ ಪೋಸ್ಟರ್ ಕಿತ್ತರು. ಕೀಬೋರ್ಡುಗಳ ಧೂಳು ಒರೆಸುತ್ತಿದ್ದ ನಾನು ಓಡಿಹೋಗಿ ಕುರ್ಚಿ ಹಿಡಿದುಕೊಂಡೆ. ಇಲ್ಲಿ ಯಾವ ಕೆಲಸವನ್ನೂ ನಾನು ಅಷ್ಟು ಖುಷಿಯಿಂದ ಮಾಡಿದ್ದಿಲ್ಲ.

“ಇಲ್ಲಿ ನಿನ್ನನ್ನ ಸೋಲಿಸಿ ತಾನೇ ಅವನು ಟೀಮಿಗೆ ಸೇರಿದ್ದು? ಆಗಲೂ ಮೋಸಾನೇ ಮಾಡಿದ್ನಾ?” ಎಂದು ಕೇಳಿದರು.

“ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ,” ಎಂದೆ.

“ಹಾಗಾದ್ರೆ ಆ ಟೀಮಿಗೆ ಹೋಗಬೇಕಾಗಿದ್ದೋನು ನೀನೇ ಕಣೋ.”

ಈ ಒಂದು ಮಾತಿಗೆ ಎಷ್ಟು ವರ್ಷ ಕಾದಿದ್ದೆನೋ. ಎಲ್ಲರೂ ಸೇರಿ ನನ್ನನ್ನು ನಿನ್ನ ಹಳೆಯ ಮೂಲೆಯ ಸೀಟಿನಲ್ಲಿ ಕೂರಿಸಿದರು.

ಮೌಸಿನ ಮೇಲೆ ಕೈಯಿಟ್ಟಾಗ ನೆನಪಾಯಿತು. ನೀನು ನನ್ನನ್ನು ಸೋಲಿಸಿದ ದಿನ ನಿನ್ನ ಮೌಸ್ ಕೆಟ್ಟಿತ್ತು. ನೀನು ಆಡಿದ್ದು ನನ್ನ ಮೌಸ್ ಹಿಡಿದು, ಆಟವೊಂದನ್ನು ಬಿಟ್ಟು ಉಳಿದದ್ದೆಲ್ಲ ಅಳಿಸಿ ನಾನೇ ಸಿದ್ಧಮಾಡಿದ್ದ ಕಂಪ್ಯೂಟರಿನಲ್ಲಿ. ಮೋಸಕ್ಕೆ ಅಲ್ಲಿ ಸೂಜಿಮೊನೆಯಷ್ಟೂ ಜಾಗವಿರಲಿಲ್ಲ.

ಪೋಸ್ಟರಿನ ಜಾಗಕ್ಕೆ ಮಾಲೀಕರು ನನ್ನ ಫೋಟೋ ಕೇಳಿದ್ದಾರೆ. ಅಂಗಿಗೆ ಇಸ್ತ್ರಿ ಹಾಕಿಟ್ಟಿದ್ದೇನೆ.