ಹಿಂದಿನ ಸೀಟು ಯಾರಿಗೆ ಎಂದು ಕೇಳಿದವರಿಗೆ

ವಾಹನ ತಪಾಸಣೆಯ ಮಾನ್ಯ ಅಧಿಕಾರಿಗಳೇ,

ನನ್ನ ಮೂರು ಚಕ್ರದ ಮೋಟಾರ್‌ಸೈಕಲಿಗೆ ನೀವು ನೋಂದಣಿ ನಿರಾಕರಿಸಿಲ್ಲ. ಹಿಂದಿನ ಸೀಟನ್ನು ಕಿತ್ತು ತಂದರೆ ಕೊಡುತ್ತೇನೆ ಎಂದಿದ್ದೀರಿ. ಬ್ರೇಕು ಸರಿಯಿದೆ, ದೀಪ ಸರಿಯಿದೆ, ಬೆಸುಗೆ ಗಟ್ಟಿಯಾಗಿದೆ ಎಂದು ನೀವೇ ಒಪ್ಪಿಕೊಂಡಿರಿ. ಆಮೇಲೆ, ಒಬ್ಬ ಮನುಷ್ಯ ಕೂರುವಷ್ಟು ಜಾಗವೊಂದೇ ನಿಮ್ಮ ಕಣ್ಣಿಗೆ ದೋಷವಾಗಿ ಕಂಡಿತು. ಈ ಪತ್ರ ಆ ಜಾಗದ ಬಗ್ಗೆ.

ಮರಾಠಿಯಲ್ಲಿ ಬರೆದ ನನ್ನ ಮನವಿ ಮಳೆಗಾಲದಿಂದ ನಿಮ್ಮ ಮೇಜಿನ ಮೇಲಿದೆ. ಉತ್ತರವಿಲ್ಲ. ಆದ್ದರಿಂದ ಇದನ್ನು ನನ್ನ ಭಾಷೆಯಲ್ಲಿ ಬರೆದು ಪತ್ರಿಕೆಗೆ ಕಳಿಸುತ್ತಿದ್ದೇನೆ. ಯಾರಾದರೂ ಅನುವಾದಿಸಿ ನಿಮಗೆ ಓದಿ ಹೇಳಿಯಾರು. ನಾನು ಓದಿದ ಹೆಚ್ಚಿನ ಕಥೆಗಳು ಹಾಗೆಯೇ ಬೇರೆಯವರ ಕೈ ದಾಟಿ ನನ್ನ ತನಕ ಬಂದವು. ಮುಖ್ಯವಾದದ್ದು ದಾರಿಯಲ್ಲಿ ಕಳೆದುಹೋಗುವುದಿಲ್ಲವೆಂದು ನಂಬಿದ್ದೇನೆ.

ಭಿವಂಡಿಯ ಗೋದಾಮೊಂದರಲ್ಲಿ ಸರಕಿನ ಉಸ್ತುವಾರಿ ನನ್ನ ಕೆಲಸವಾಗಿತ್ತು. ಹಿಮ್ಮುಖವಾಗಿ ಬಂದ ಸರಕೆತ್ತುವ ಫೋರ್ಕ್‌ಲಿಫ್ಟ್ ಹರಿದು ಎಡಪಾದ ಹೋಯಿತು. ಅದಕ್ಕೂ ಮೊದಲು ನನ್ನ ಬೈಕಿನ ಹಿಂದಿನ ಸೀಟು ಖಾಲಿ ಇದ್ದ ಬೆಳಗುಗಳು ಕಡಿಮೆ. ನಾನು ಮಾತು ಕಡಿಮೆಯವನು, ಮದುವೆಯಾಗದವನು. ಆದರೆ ಡೊಂಬಿವಲಿಯಲ್ಲಿ ಬೈಕು ಇರುವವನಿಗೆ ಹೆಚ್ಚು ಮಾತು ಬೇಕಾಗುವುದಿಲ್ಲ. "ಸ್ಟೇಷನ್ನಿಗಾ? ಬನ್ನಿ" ಎಂದರೆ ಸಾಕು, ಉಳಿದದ್ದನ್ನು ಹಿಂದೆ ಕೂತವರೇ ಆಡುತ್ತಾರೆ. ಮಗಳ ಪರೀಕ್ಷೆ, ಸೊಸೈಟಿಯ ನೀರು, ಅಣ್ಣತಮ್ಮಂದಿರ ಜಗಳ. ನನ್ನ ಬೆನ್ನಿಗೆ ಹೇಳಿದ್ದನ್ನು ಅವರು ನನ್ನ ಮುಖಕ್ಕೆ ಎಂದೂ ಹೇಳುತ್ತಿರಲಿಲ್ಲ. ಪಾದ ಹೋದ ಮೇಲೆ ಎಲ್ಲರೂ ನನ್ನನ್ನೇ ಎಲ್ಲಿಗಾದರೂ ಮುಟ್ಟಿಸುವವರಾದರು. ರಿಕ್ಷಾ ಹತ್ತಿಸುತ್ತಾರೆ, ಲೋಕಲ್ ರೈಲಿನಲ್ಲಿ ಎದ್ದು ಜಾಗ ಕೊಡುತ್ತಾರೆ. ಒಳ್ಳೆಯವರು. ಆದರೆ ನನ್ನಿಂದ ಯಾರಿಗೂ ಏನೂ ಬೇಕಾಗಿಲ್ಲ. ಇದಕ್ಕೆ ಪರಿಹಾರ ಕೇಳಲು ನಿಮ್ಮಲ್ಲಿ ಯಾವ ನಮೂನೆಯ ಅರ್ಜಿ ಇದೆ?

ನಿಮ್ಮ ಪೂರ್ವಾನುಮತಿ ಪಡೆದೇ ನಾನು ಹಳೆಯ ಬೈಕನ್ನು ಅಂಬರನಾಥದ ಯಂಕಣ್ಣನಿಗೆ ಒಪ್ಪಿಸಿದೆ. ಕಲಬುರಗಿ ಕಡೆಯವನು, ವೆಲ್ಡರ್. ಕೈ ನಿಂತರೂ ಬಾಯಿ ನಿಲ್ಲುವುದಿಲ್ಲ. ಹಿಂದೆ ರಿಕ್ಷಾದ ಅಚ್ಚು ಮತ್ತು ಎರಡು ಚಕ್ರ ಕೂಡಿಸಿದ. ಎಡಗಾಲು ಮಾಡುತ್ತಿದ್ದ ಗೇರಿನ ಕೆಲಸಕ್ಕೆ ಟ್ಯಾಂಕಿನ ಬಲಕ್ಕೊಂದು ಹಿಡಿಕೆ ನಿಲ್ಲಿಸಿದ. ಕಾರ್ಖಾನೆಗಳಿಗೆ ರಜೆಯಿದ್ದ ದಿನ ಅವನ ಶೆಡ್ಡಿನ ಹಿಂದಿನ ಖಾಲಿ ಜಾಗದಲ್ಲಿ ಓಡಿಸಿ ನೋಡಿದೆವು. ಮೊದಲ ತಿರುವಿನಲ್ಲಿ ನಾನು ಹಳೆಯ ಅಭ್ಯಾಸದಂತೆ ಮೈ ಬಾಗಿಸಿದೆ. ಗಾಡಿ ಬಾಗಲಿಲ್ಲ, ನೆಟ್ಟಗೆ ತಂತಿಬೇಲಿಯ ಕಡೆಗೆ ನಡೆಯಿತು.

"ಅಣ್ಣಾರ, ಇದು ಕುದುರಿ ಅಲ್ರೀ, ಬಂಡಿ! ಮೈ ಬಾಗಸಬ್ಯಾಡ್ರಿ, ಹ್ಯಾಂಡಲ್ ತಿರುವ್ರಿ!" ಎಂದು ಹಿಂದಿನ ಸೀಟಿನಿಂದ ಯಂಕಣ್ಣ ಕೂಗಿದ.

ಹೌದು, ಹಿಂದಿನ ಸೀಟಿನಿಂದ. ನಾನು ಬಿದ್ದರೆ ಹಿಡಿಯಬೇಕೆಂದು ಪ್ರತಿ ಸಲವೂ ಅವನು ಹಿಂದೆ ಕೂತ. ಸ್ಪ್ರಿಂಗುಗಳನ್ನೂ ಇಬ್ಬರ ಭಾರ ನೋಡಿಯೇ ಆರಿಸಿದ್ದ. ತಪ್ಪು ತಿಳಿದದ್ದು ನಾನು ಒಬ್ಬನೇ ಓಡಿಸಿದ ದಿನ. ಹಿಂದಿನ ಚಕ್ರಗಳು ಹೊಂಡ ಕಂಡಲ್ಲೆಲ್ಲ ಪುಟಿದವು. ತಿರುವಿನಲ್ಲಿ ಒಂದು ಚಕ್ರ ನೆಲ ಬಿಟ್ಟಿತು.

"ನಾ ಹಿಂದ ಇರ್ತೀನಂತ ಮಾಡೀನ್ರಿ," ಎಂದ ಯಂಕಣ್ಣ. "ನೀವು ಒಬ್ರ ಹೋಗ್ತೀರಂತ ನನ್ ತಲ್ಯಾಗ ಬರ್ಲೇ ಇಲ್ಲ."

ಆಮೇಲೆ ಬಗ್ಗಿ ಸ್ಪ್ರಿಂಗುಗಳನ್ನು ಒಂದೊಂದಾಗಿ ಒತ್ತಿ ನೋಡಿದ.

ಬೇರೆ ಸ್ಪ್ರಿಂಗು ಸಿಗುವ ತನಕ ಹಿಂದಿನ ಸೀಟಿಗೆ ಕುಚ್ಚಲಕ್ಕಿಯ ಮೂಟೆ ಕಟ್ಟಿ ಅಭ್ಯಾಸ ಮಾಡಿದೆ. ಮೂಟೆ ಚೆನ್ನಾಗಿಯೇ ಕೂತಿತ್ತು, ಆದರೆ ತನ್ನ ಮಗಳ ಪರೀಕ್ಷೆಯ ಸುದ್ದಿ ಹೇಳಲಿಲ್ಲ. ಈಗ ಸ್ಪ್ರಿಂಗು ಬದಲಾಗಿದೆ. ಒಬ್ಬನಿದ್ದರೂ ಇಬ್ಬರಿದ್ದರೂ ಗಾಡಿ ನೆಟ್ಟಗೆ ಹೋಗುತ್ತದೆ. ಇದನ್ನು ಒತ್ತಿ ಹೇಳುತ್ತಿರುವುದು, ಮೂಟೆಯ ಸುದ್ದಿಯಿಂದ ನಿಮ್ಮಲ್ಲಿ ಇನ್ನೊಂದು ಆಕ್ಷೇಪ ಹುಟ್ಟದಿರಲೆಂದು.

ಟೆಂಪೊದಲ್ಲಿ ತಂದು ಮನೆಯ ಮುಂದೆ ಇಳಿಸಿದಾಗ ಕೆಳಗಿನ ಮನೆಯ ಅಕ್ಕ, ಉಡುಪಿ ಕಡೆಯವರು, ಹೊರಗೆ ಬಂದರು.

"ವಸಂತಣ್ಣ, ಇದೆಂತದು ಮಾರಾಯ್ರೆ, ಬೈಕಾ ರಿಕ್ಷಾವಾ?"

"ಎರಡೂ," ಎಂದೆ.

"ಹಿಂದೆ ಸೀಟುಂಟಲ್ಲ! ನಂಗೆ ಬೆಳಿಗ್ಗೆ ರಿಕ್ಷಾ ಸಿಗುದೇ ಇಲ್ಲ. ಒಂದು ದಿನ ಸ್ಟೇಷನ್ನಿಗೆ ಬಿಡಿ, ಆಯ್ತಾ?"

"ಪಾಸಾಗಲಿ," ಎಂದೆ. ನೋಂದಣಿಯಾಗದ ಗಾಡಿಯಲ್ಲಿ ಯಾರನ್ನೂ ಕೂರಿಸುವವನಲ್ಲ ನಾನು. ಅವರು ನಕ್ಕು ಒಳಗೆ ಹೋದರು. ಮತ್ತೆ ಕೇಳಿಲ್ಲ. ಮರೆತಿರಲೂಬಹುದು. ನಾನು ಮರೆತಿಲ್ಲ.

ತಪಾಸಣೆಯ ಮೈದಾನದಲ್ಲಿ ನೀವು ಸೀಟನ್ನು ಪೆನ್ನಿನಿಂದ ತಟ್ಟಿ, "ಪೀಛೆ ಕೌನ್ ಬೈಠೇಗಾ, ಅಂಕಲ್?" ಎಂದಿರಿ, ಹಿಂದೆ ಕೂರುವವರು ಯಾರೆಂದು. ತಮಾಷೆಗೆ ಒಂದು ಮಾತು ಹೇಳಿ ಹೋದವರ ಹೆಸರನ್ನು ಸರಕಾರಕ್ಕೆ ಕೊಡುವುದು ಹೇಗೆ? "ಘರ್ ಮೇ ಕೋಯೀ ಹೈ?" ಎಂದಿರಿ. ಮನೆಯಲ್ಲಿ ಯಾರೂ ಇಲ್ಲವೆಂದು ತಲೆಯಾಡಿಸಿದೆ. ಹಾಗಿದ್ದರೆ ತೆಗೆಸಿಬಿಡಿ ಎಂದು ಹೇಳಿ, ಅಂಗವಿಕಲನ ಸ್ವಂತ ಬಳಕೆಗೆ ಒಂದೇ ಆಸನ ಸಾಕೆಂದು ಷರಾ ಬರೆದಿರಿ. ಸರದಿಯಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು.

ಬೇರೆ ದಾರಿಯಿಲ್ಲವೆಂದು ಕಾನೂನು ಹೇಳುವುದಾದರೆ ಆ ಸಾಲನ್ನು ತೋರಿಸಿ, ಓದಿಕೊಳ್ಳುತ್ತೇನೆ. ಆದರೆ ನೀವು ಕೇಳಿದ್ದು ಕಾನೂನಿನ ಪ್ರಶ್ನೆಯೇ? ಎರಡು ಪಾದವಿರುವವನ ಸ್ಕೂಟರಿಗೆ ಸಹಿ ಹಾಕುವ ಮೊದಲು ಅವನ ಮನೆಯಲ್ಲಿ ಎಷ್ಟು ಜನ ಎಂದು ವಿಚಾರಿಸುತ್ತೀರಾ? ಹೆಂಡತಿ ತವರಿಗೆ ಹೋದರೆ ಸೀಟು ಜಪ್ತಿ ಮಾಡುತ್ತೀರಾ? ಖಾರಘರದಿಂದ ಥಾಣೆಯ ತನಕ ದಿನವೂ ಒಬ್ಬೊಬ್ಬರೇ ಕೂತು ಹೋಗುವ ದೊಡ್ಡ ಕಾರುಗಳಿವೆ. ಅವುಗಳ ಖಾಲಿ ಸೀಟುಗಳನ್ನೆಲ್ಲ ಕಿತ್ತಿಡಲು ನಿಮ್ಮ ಮೈದಾನ ಸಾಕಾದೀತೇ? ಯಾರೂ ಕೂರದ ಸೀಟು ಅನಗತ್ಯವೆಂದು ತಾವು ಹೇಗೆ ತೀರ್ಮಾನಿಸಿದಿರಿ? ಕೂರುವವರು ಬರುವ ಮೊದಲು ಎಲ್ಲ ಸೀಟುಗಳೂ ಖಾಲಿಯೇ ಇರುತ್ತವೆ.

ನನ್ನ ಬೇಡಿಕೆ ಸಣ್ಣದು. ಆ ಷರಾ ಹೊಡೆದುಹಾಕಿ. ಇಬ್ಬರ ಭಾರ ಹೊತ್ತು ಗಾಡಿ ಸುರಕ್ಷಿತವಾಗಿ ಓಡುತ್ತದೆಯೇ ಎಂದು ಇನ್ನೊಮ್ಮೆ ಪರೀಕ್ಷಿಸಿ. ಹಿಂದೆ ಯಾರು ಕೂರಬೇಕೆಂಬ ಪ್ರಶ್ನೆ ಆಗಲೂ ಬರುತ್ತದೆ. ಯಂಕಣ್ಣ ಬೇರೆ ಊರಿನ ಕೆಲಸಕ್ಕೆ ಹೋಗಿದ್ದಾನೆ. ಮೂಟೆಯ ಅಕ್ಕಿ ಊಟಕ್ಕೆ ಮುಗಿಯುತ್ತ ಬಂದಿದೆ. ಆದ್ದರಿಂದ ನೀವೇ ಕೂತುಕೊಳ್ಳಿ. ಮೈದಾನಕ್ಕೆ ಒಂದು ಸುತ್ತು ಹಾಕಿದರೆ ಸಾಕು. ದಾರಿಯಲ್ಲಿ ನಿಮ್ಮ ಕೆಲಸದ್ದೋ ಮನೆಯದ್ದೋ ಏನಾದರೂ ಹೇಳಬೇಕೆನಿಸಿದರೆ ಹೇಳಿ. ನಾನು ತಿರುಗಿ ನೋಡುವುದಿಲ್ಲ.

ಇಂತಿ,
ಸೀಟನ್ನು ಇನ್ನೂ ಕೀಳದ ಅರ್ಜಿದಾರ,
ವಸಂತಕುಮಾರ
ಡೊಂಬಿವಲಿ ಪೂರ್ವ