ವ್ಯಾಕರಣದ ಪಾಠದಲ್ಲಿ ನನ್ನ ಪಾಲಿನ ಮೌನ

ನನ್ನಾಕೆ ಸುಮಿತ್ರೆಗೆ,

ವಾರ್ಡ್‌ರೋಬಿನ ಬಾಗಿಲು ತೆರೆದು, ರೇಷ್ಮೆ ಸೀರೆಗಳ ನಡುವೆ ತಲೆ ತೂರಿಸಿಕೊಂಡು, ನೀನು ಡಿಗ್ರಿ ಮಕ್ಕಳಿಗಾಗಿ ಇಂಗ್ಲಿಷ್ ವ್ಯಾಕರಣದ ಪಾಠ ರೆಕಾರ್ಡ್ ಮಾಡುತ್ತಿದ್ದುದು ನೆನಪಾಗುತ್ತದೆ. ಬಟ್ಟೆ ಪ್ರತಿಧ್ವನಿಯನ್ನು ನುಂಗುತ್ತದೆ ಅನ್ನುತ್ತಿದ್ದೆ. ನಾನು ಹಿಂದಿನಿಂದ, "ಏನೇ, ಸೀರೆಗಳೆಲ್ಲ ಪಾಸಾದ್ವಾ?" ಅಂದರೆ, "ರೀ, ಸುಮ್ನಿರ್ತೀರಾ? ನಿಮ್ಮ ನಗೂನೂ ಪಾಠದಲ್ಲಿ ಸೇರ್ಕೊಳ್ಳತ್ತೆ" ಎಂದು ಗದರುತ್ತಿದ್ದೆ. ಆ ಸೀರೆಗಳು ಈಗ ಇಲ್ಲ ಸುಮಿ. ನಿನ್ನ ತಿಥಿಕಾರ್ಯ ಮುಗಿದ ವಾರವೇ ನಿನ್ನ ತಂಗಿಯರಿಗೆ ಹಂಚಿಬಿಟ್ಟೆ. ಬಾಗಿಲು ತೆರೆದಾಗಲೆಲ್ಲ ನಿನ್ನ ವಾಸನೆ ಬರುತ್ತಿತ್ತು, ತಡೆಯಲಾಗದೆ... ಕೊನೆಯ ಪಾಠ ಇನ್ನೂ ಮುಗಿದಿಲ್ಲ ಎಂಬುದು ನನಗೆ ಆಗಲೇ ಹೊಳೆಯಬಾರದಿತ್ತೇ?

ಮೊನ್ನೆ ಭಾನುವಾರ ಶಿವಾಜಿನಗರದಿಂದ ಶಬಾನಾ ಬಂದಿದ್ದಳು. ನಿನ್ನ ಪಾಠಗಳಿಗೆ ಚಿತ್ರ ಬರೆದು ಕೂಡಿಸುತ್ತಿದ್ದ ನಿನ್ನ ಕಾಲೇಜಿನ ಆ ಚಿಕ್ಕ ಲೆಕ್ಚರರ್. ಅವಳ ಲ್ಯಾಪ್‌ಟಾಪ್‌ನಲ್ಲಿ ನಿನ್ನ ಕೊನೆಯ ಪಾಠಕ್ಕೆ ಬರೆದ ಚಲಿಸುವ ಚಿತ್ರ: ಹಲಸೂರು ಕೆರೆಯ ಏರಿ. ಒಬ್ಬ ಹುಡುಗಿ ದಾರಿ ಕೇಳುತ್ತಾಳೆ, ನಿನ್ನ ಧ್ವನಿಯಲ್ಲಿ. ಎದುರಿಗೆ ನನ್ನದೇ ಮಫ್ಲರ್ ಸುತ್ತಿಕೊಂಡ ಮುದುಕ. ಅವನು ಬಾಯಾಡಿಸುತ್ತಾನೆ, ಮಾತಿಲ್ಲ.

"ಅಂಕಲ್, ಇದು ನಿಮ್ ಪಾರ್ಟು ಅಂತ ಮೇಡಂ ಖಾಲಿ ಬಿಟ್ಟಿದ್ರು."

ಎಷ್ಟು ಸಲ ಕೇಳಿದ್ದೆ ನೀನು! ನನ್ನ ಇಂಗ್ಲಿಷ್ ತುಕ್ಕು ಹಿಡಿದಿದೆ, ನಾಳೆ ನೋಡೋಣ ಅಂದೆ. ನಾಳೆ ನಾಳೆ ಅಂತಲೇ ಆಸ್ಪತ್ರೆ ಬಂತು. ಈಗಲೂ ನುಣುಚಿಕೊಂಡೆ, ಗೊತ್ತಾ? "ಕಂಪ್ಯೂಟರ್ ಧ್ವನಿ ಹಾಕ್ಬಿಡಮ್ಮ" ಅಂದೆ. ಹಾಕಿದಳು. ಅದು ಒಂದೇ ಉಸಿರಿಗೆ ದಾರಿ ಒದರಿ ಮುಗಿಸಿತು. ಆಮೇಲೂ ನೀನು ಬಿಟ್ಟ ಜಾಗದಲ್ಲಿ ಮೌನ ಉಳಿದೇ ಇತ್ತು. ನಿನ್ನ ಹುಡುಗಿ ಏರಿಯ ಮೇಲೆ ಕಾಯುತ್ತಾ ನಿಂತೇ ಇದ್ದಳು. ಇನ್ನೂ ಯಾರಿಗಾಗಿ?

"ಕೊಡಮ್ಮ, ನಾನೇ ಓದ್ತೀನಿ" ಅಂದೆ.

"ರೂಮು ಗುಂಯ್ ಅಂತಿದೆಯಲ್ಲ ಅಂಕಲ್! ಮೇಡಂ ಸೀರೆಗಳೆಲ್ಲಿ?"

ಕಂಬಳಿ, ರಜಾಯಿ, ನನ್ನ ಮದುವೆಯ ಕೋಟು, ಸಿಕ್ಕಿದ್ದನ್ನೆಲ್ಲ ಖಾಲಿ ವಾರ್ಡ್‌ರೋಬಿಗೆ ನೇತುಹಾಕಿ ಒಳಗೆ ತಲೆ ತೂರಿಸಿದೆ. ನ್ಯಾಫ್ತಲೀನ್ ಗುಳಿಗೆಯ ಘಾಟು. "ಗೋ ಸ್ಟ್ರೈಟ್..." ಆಮೇಲೆ ನಾಲಿಗೆ ಹೊರಳದು. ಕಾಲೇಜಿನಲ್ಲಿ ಕಲಿತದ್ದು ಅರ್ಧ ನೆನಪು, ಇನ್ನರ್ಧ...

"ಆರಾಮಾಗಿ ಅಂಕಲ್. ಮುದುಕ ತಾನೇ, ಓಡೋದ್ಯಾಕೆ?"

ಹೇಗೋ ಓದಿ ಮುಗಿಸಿದ ನನ್ನ ಮಾತನ್ನು ಅವಳು ನೀನು ಬಿಟ್ಟ ಜಾಗದಲ್ಲಿಟ್ಟಳು. "ಅರೆ, ಕಟ್ ಮಾಡೋದೇ ಬೇಡ! ಕರೆಕ್ಟಾಗಿ ಕೂತ್ಕೊಳ್ತು!" ನಾನು ಎಲ್ಲಿ ತಡವರಿಸುತ್ತೇನೆ, ಎಲ್ಲಿ ಉಸಿರೆಳೆಯುತ್ತೇನೆ, ಎಲ್ಲವನ್ನೂ ಅಳೆದು ಜಾಗ ಬಿಟ್ಟಿದ್ದೆಯಲ್ಲೇ. ನಾನು ಬಂದೇ ಬರುತ್ತೇನೆ ಅಂತ ಅಷ್ಟು ನಂಬಿದ್ದೆಯಾ?

ಬರುವ ಸೋಮವಾರ ಪಾಠ ಮಕ್ಕಳ ಮೊಬೈಲಿಗೆ ಹೋಗುತ್ತದಂತೆ. ಕೊನೆಯಲ್ಲಿ ಹುಡುಗಿ ನಿನ್ನ ಧ್ವನಿಯಲ್ಲಿ ಥ್ಯಾಂಕ್ಯೂ ಅನ್ನುತ್ತಾಳೆ. ಅದಕ್ಕೆ ಮಾತ್ರ ಉತ್ತರ ಹೇಳಲು ನನ್ನಿಂದ ಆಗಲಿಲ್ಲ ಸುಮಿ. ಶಬಾನಾ ಬಲವಂತ ಮಾಡಲಿಲ್ಲ. ಮುದುಕ ಸುಮ್ಮನೆ ಕೈ ಮುಗಿಯುವ ಹಾಗೆ ಚಿತ್ರ ಬದಲಾಯಿಸಿದ್ದಾಳೆ.