ನಿಮ್ಮ ಬೀರುವಿನಲ್ಲಿರುವ ಅಂಚೆಯಣ್ಣನ ಕಾಲು

ಸೈಬರ್ ಅಪರಾಧ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಕಳ್ಳರು ಕಿತ್ತುಕೊಳ್ಳಲಾಗದ ಒಂದೇ ಒಂದು ವಸ್ತು ನಮ್ಮಲ್ಲಿ ಉಳಿದಿತ್ತು. ಅದನ್ನು ನಿಮ್ಮ ಸಿಬ್ಬಂದಿ ರಸೀದಿ ಕೊಟ್ಟು ಒಯ್ದರು. ಇಪ್ಪತ್ತೆರಡು ದಿನವಾಯಿತು, ವಾಪಸ್ ಕೊಡಿ.

ನಾನು ಕೃತಕ ಕಾಲು ಮಾಡುವವನು. ಅಣ್ಣ ಶುರುಮಾಡಿದ ಕಾರ್ಯಾಗಾರವನ್ನು ಅವನು ಹೋದ ಮೇಲೆ ಅತ್ತಿಗೆಯೂ ನಾನೂ ನಡೆಸುತ್ತಿದ್ದೇವೆ. ನಾನೂರಕ್ಕೂ ಹೆಚ್ಚು ಜನರ ಅಳತೆ ಕಂಪ್ಯೂಟರಿನಲ್ಲಿತ್ತು. ಒಂದು ಬೆಳಿಗ್ಗೆ ತೆರೆದರೆ ಕಡತಗಳಿಗೆಲ್ಲ ಬೀಗ, ಪರದೆಯ ಮೇಲೆ ಹಣದ ಬೇಡಿಕೆ, ಪಕ್ಕದಲ್ಲಿ ಗಡುವಿನ ಗಡಿಯಾರ. ಕೊಟ್ಟು ಕೈತೊಳೆದುಕೊಳ್ಳೋಣ ಎಂದುಕೊಂಡವನನ್ನು ತಡೆದದ್ದು ನಿಮ್ಮ ಇಲಾಖೆಯ ಸೂಚನಾಪತ್ರ: 'ಹಣ ಕೊಡಬೇಡಿ, ನಮಗೆ ತಿಳಿಸಿ.' ತಿಳಿಸಿದೆ.

ಅತ್ತಿಗೆಗೊಂದು ಅಭ್ಯಾಸ. ಪ್ರತಿ ಶನಿವಾರ ಅಳತೆಗಳನ್ನೆಲ್ಲ ಪುಟ್ಟ ಡಿಸ್ಕಿಗೆ ನಕಲು ಮಾಡಿ, ತಂತಿ ಕಿತ್ತು, ಪ್ಲಾಸ್ಟರ್ ಪುಡಿಯ ಡಬ್ಬಗಳ ಹಿಂದೆ ಇಡುತ್ತಾರೆ. ಹತ್ತು ವರ್ಷ ಗೇಲಿ ಮಾಡಿದ್ದೇನೆ. ಬೀಗ ಬೀಳದೆ ಉಳಿದದ್ದು ಅದೊಂದೇ. ನಿಮ್ಮವರು ಬಂದಾಗ ಅತ್ತಿಗೆ ಹೆಮ್ಮೆ ತಡೆಯಲಾರದೆ ಅದನ್ನು ತಂದು ತೋರಿಸಿದರು.

"ನೋಡಿ ಸಾರ್, ಎಲ್ಲಾ ಇದ್ರಲ್ಲಿ ಭದ್ರವಾಗಿದೆ."

"ಹಾಗಾದ್ರೆ ಇದೂ ಸಾಕ್ಷಿನೇ ಅಮ್ಮ," ಎಂದು ನಿಮ್ಮ ಅಧಿಕಾರಿ ಡಿಸ್ಕನ್ನು ಲಕೋಟೆಗೆ ಹಾಕಿ ಅರಗು ಒತ್ತಿದರು.

ಕೆಟ್ಟ ಕಂಪ್ಯೂಟರನ್ನು ನಕಲು ತೆಗೆದುಕೊಂಡು ನಮಗೇ ಬಿಟ್ಟು, ಕೆಡದ ಡಿಸ್ಕನ್ನು ಒಯ್ಯುವುದು ಯಾವ ಸೀಮೆಯ ತನಿಖೆ? ಕಳ್ಳರು ಮುಟ್ಟಿಯೇ ಇಲ್ಲದ ವಸ್ತುವಿನಲ್ಲಿ ಅವರ ಯಾವ ಗುರುತು ಹುಡುಕುತ್ತಿದ್ದೀರಿ? ಇದನ್ನು ಕೇಳಲು ಐದು ಸಲ ಬಂದೆ. ಲಕೋಟೆ ಇಟ್ಟಿರುವ ಬೀರುವಿನ ಬೀಗದ ಕೈ ಇರುವವರು ತರಬೇತಿಗೆ ಹೋಗಿದ್ದಾರಂತೆ. ಕಳ್ಳರಿಗೆ ಒಂದು ಸಾಲು ಬರೆದರೆ ಹತ್ತೇ ನಿಮಿಷದಲ್ಲಿ ವಿನಯವಾಗಿ ಉತ್ತರಿಸುತ್ತಾರೆ. ನಾಗರಿಕ ಸೇವೆ ಎಂದರೇನೆಂದು ಅವರಿಂದ ಕಲಿಯುವ ಗತಿ ನನಗೆ ಬರಬಾರದಿತ್ತು.

ನಮ್ಮ ಬೀದಿಗೆ ಕಾಗದ ತರುವ ಅಂಚೆಯಣ್ಣನ ಕೃತಕ ಕಾಲು ಬಿರುಕು ಬಿಟ್ಟಿದೆ. ಹೊಸದಕ್ಕೆ ಅಳತೆ ತೆಗೆದಿದ್ದೆ; ಅದು ನಿಮ್ಮ ಲಕೋಟೆಯಲ್ಲಿದೆ. ಹಳೆಯದಕ್ಕೇ ಬಟ್ಟೆ ತುರುಕಿಕೊಂಡು ನಡೆದೂ ನಡೆದೂ ಅವನ ಮೊಣಕಾಲ ಕೆಳಗೆ ಬಾತುಕೊಂಡಿದೆ. ಬಾವು ಇಳಿಯದೆ ಮತ್ತೆ ಅಳತೆ ತೆಗೆಯುವಂತಿಲ್ಲ, ಆ ಹಳೆಯ ಕಾಲಿನಲ್ಲಿ ನಡೆಯುತ್ತಿರುವಷ್ಟು ದಿನ ಬಾವು ಇಳಿಯುವುದಿಲ್ಲ. ಮುಂದಿನ ತಿಂಗಳ ಹತ್ತಕ್ಕೆ ಅವನಿಗೆ ದೈಹಿಕ ಪರೀಕ್ಷೆ. ನಡೆದು ತೋರಿಸದಿದ್ದರೆ ಕೆಲಸ ಹೋಗುತ್ತದೆ.

"ಅಳತೆ ಕೊಟ್ಟಿದ್ನಲ್ಲ, ಎಲ್ಲಿಟ್ರಿ?" ಎಂದು ಕೇಳಿದ. ಒಳಗಿದ್ದ ಅತ್ತಿಗೆ, "ನಾನು ಬಾಯಿ ಮುಚ್ಕೊಂಡಿದ್ರೆ ಸಾಕಿತ್ತು," ಎಂದರು. ತನ್ನ ಎಚ್ಚರಕ್ಕೆ ತಾನೇ ನಾಚಿಕೆಪಡುವಂತೆ ಅವರನ್ನು ಮಾಡಿದ್ದೀರಿ. ಅದಕ್ಕೆ ನನಗೆ ಸಿಟ್ಟಿದೆ.

ಅರಗು ಒಡೆದು ನಕಲು ತೆಗೆಯಲು ನಲವತ್ತು ನಿಮಿಷ ಸಾಕು. ನಿಮ್ಮ ಕಣ್ಣೆದುರೇ ಅತ್ತಿಗೆ ಮಾಡಿಕೊಳ್ಳುತ್ತಾರೆ, ಮೂಲವನ್ನು ನೀವೇ ಇಟ್ಟುಕೊಳ್ಳಿ. ಕಳ್ಳರು ಗಡುವನ್ನು ಶುಕ್ರವಾರಕ್ಕೆ ಮುಂದೂಡಿದ್ದಾರೆ. ಗುರುವಾರ ಸಂಜೆ ಐದರವರೆಗೆ ನಿಮ್ಮ ಬಾಗಿಲಲ್ಲಿ ಕಾಯುತ್ತೇವೆ. ಆಮೇಲೆ ನಾನು ಅವರಿಗೆ ಹಣ ಕೊಡುತ್ತೇನೆ. ಅದು ತಪ್ಪೆಂದು ನೋಟಿಸು ಕಳಿಸುವುದಾದರೆ ಅಂಚೆಯಲ್ಲೇ ಕಳಿಸಿ. ಅಂಚೆಯಣ್ಣ ನಡೆದು ಬಂದು ಕೊಡಲಿ.

ಇಂತಿ,
ನಿಮ್ಮ ಸೂಚನೆಯನ್ನು ಇಲ್ಲಿಯವರೆಗೆ ಚಾಚೂ ತಪ್ಪದೆ ಪಾಲಿಸಿದ
ಕಾಲು ಮಾಡುವವನು